ಹಳೆಯ ವಾಡೆಯ ಸಾಗವಾನಿ ಎಂದು ತೊಲೆ ಕೊಳ್ಳುವವರು ಇದನ್ನು ಓದಿ

ನಿನ್ನೆ ರಾತ್ರಿ ನನ್ನ ಅಳಿಯನ ಮೊಬೈಲಿನಲ್ಲಿ ಹಳೆಯ ತೊಲೆ ಮಾರುವ ವ್ಯಾಪಾರಿಯೊಬ್ಬರ ವಾಟ್ಸ್‌ಆ್ಯಪ್ ಸ್ಟೇಟಸ್ ಕಂಡೆ. ನನ್ನ ನಂಬರನ್ನು ಅವರು ಬ್ಲಾಕ್ ಮಾಡಿ ಎರಡು ತಿಂಗಳಾಯಿತು. ಸ್ಟೇಟಸ್‌ನಲ್ಲಿ ಅದೇ ಹಳೆಯ ಫೋಟೊ: ಕೆಡವಿದ ವಾಡೆ (ಹಳೆಯ ಕಾಲದ ದೊಡ್ಡ ಮನೆ), ಮಣ್ಣಿನ ಮಾಳಿಗೆಯಿಂದ ಇಳಿಸಿದ ತೊಲೆಗಳು, ಕೆಳಗೆ ‘ನೂರು ವರ್ಷದ ಸಾಗವಾನಿ, ಬೇಗ ಬರ್ರಿ’ ಎಂಬ ಒಕ್ಕಣೆ. ಮೂರು ತಿಂಗಳ ಹಿಂದೆ ನಾನು ಮರುಳಾದದ್ದು ಇದೇ ಫೋಟೊಕ್ಕೆ. ಆದ್ದರಿಂದ ನಾಚಿಕೆಯನ್ನು ಬದಿಗಿಟ್ಟು ಬರೆಯುತ್ತಿದ್ದೇನೆ.

ನಾನು ಕೊಪ್ಪಳ ಜಿಲ್ಲೆಯ ಹಳ್ಳಿಯೊಂದರಲ್ಲಿರುವ ನಿವೃತ್ತ ಗಣಿತ ಶಿಕ್ಷಕ. ಬಿದ್ದ ಮನೆಗಳ ಬಾಗಿಲು, ಜಂತಿ, ಬೋದಿಗೆಗಳನ್ನು ತಂದು ಮಣೆ, ಪೀಠ, ಪುಸ್ತಕದ ಕಪಾಟು ಮಾಡುವುದು ಹತ್ತು ವರ್ಷಗಳ ಹವ್ಯಾಸ. ದಶಕಗಳ ಕಾಲ ನಮ್ಮ ಬಿಸಿಲಿಗೆ ಒಣಗಿದ ಕಟ್ಟಿಗೆ ಹೊಸ ಹಲಗೆಯಂತೆ ಸುಲಭಕ್ಕೆ ಸೊಟ್ಟಗಾಗುವುದಿಲ್ಲ ಎಂಬುದು ಈ ಕೆಲಸ ಮಾಡುವ ಎಲ್ಲರಿಗೂ ಗೊತ್ತು. ಈ ಬಾರಿ ಮನೆಗೊಂದು ತೂಗುಮಣೆ, ಊರಿನ ಅರಿವು ಕೇಂದ್ರಕ್ಕೆ (ಪಂಚಾಯಿತಿ ಗ್ರಂಥಾಲಯಕ್ಕೆ) ಎರಡು ಬೆಂಚು ಮತ್ತು ಒಂದು ಕಪಾಟು ಮಾಡಿಕೊಡುವುದಾಗಿ ಒಪ್ಪಿಕೊಂಡಿದ್ದೆ. ಅದಕ್ಕಾಗಿ ಊರಿನ 20 ಜನ ತಲಾ 500 ರೂಪಾಯಿ ಕೊಟ್ಟಿದ್ದರು. ಹಣ ನನ್ನೊಬ್ಬನದೇ ಆಗಿದ್ದರೆ ಬಾಯಿ ಮುಚ್ಚಿಕೊಂಡು ಸುಮ್ಮನಿರುತ್ತಿದ್ದೆನೋ ಏನೋ.

ರಾಯಚೂರು ಕಡೆಯ ಆ ವ್ಯಾಪಾರಿಯ ಕಟ್ಟಿಗೆ ಅಡ್ಡೆಗೆ ಹೋದಾಗ ಒಟ್ಟಿಲಿನ ಮೇಲಿದ್ದ ಎರಡು ತೊಲೆಗಳನ್ನು ಅವರು ತಾವಾಗಿಯೇ ಕೆಳಗಿಳಿಸಿ, ಉಳಿಯಿಂದ ಒಂದು ಚಕ್ಕೆ ಎಬ್ಬಿಸಿ ನನ್ನ ಮೂಗಿಗೆ ಹಿಡಿದರು. ಎಣ್ಣೆಯ ಜಿಡ್ಡು, ಹದ ಮಾಡಿದ ಚರ್ಮದಂಥ ವಾಸನೆ, ಅಪ್ಪಟ ಸಾಗವಾನಿ. ನಾನು ಕೊಳ್ಳಲಿದ್ದ ಒಂಬತ್ತರಲ್ಲಿ ಉಳಿದ ಏಳನ್ನು ಕೆರೆದು ನೋಡಲಿಲ್ಲ. ಚಾಕು ಚೀಲದಲ್ಲಿತ್ತು, ನೋಡಲಿಲ್ಲ. ಅಷ್ಟರಲ್ಲಿ ಮಂಡಕ್ಕಿ, ಮಿರ್ಚಿ, ಚಹಾ ಬಂದಿದ್ದವು. ಉಪಚಾರ ಮಾಡುತ್ತಿರುವವರ ಎದುರಿಗೇ ಅವರ ಮಾಲನ್ನು ಚುಚ್ಚಿ ನೋಡಲು ಸಂಕೋಚವಾಯಿತು. ಅದರ ಬದಲು ನಾನು ಮಾಡಿದ್ದೇನೆಂದರೆ, ಟೇಪು ಹಿಡಿದು ಬಲು ಗಂಭೀರವಾಗಿ ಲೆಕ್ಕ ಹಾಕಿದ್ದು! 6 ಇಂಚು ಅಗಲ, 5 ಇಂಚು ದಪ್ಪ, 8 ಅಡಿ ಉದ್ದ. ಗುಣಿಸಿ 144ರಿಂದ ಭಾಗಿಸಿದರೆ ತೊಲೆಗೆ 1.67 ಘನ ಅಡಿ, ಒಂಬತ್ತಕ್ಕೆ 15 ಘನ ಅಡಿ, ಘನ ಅಡಿಗೆ 1,600ರಂತೆ 24,000 ರೂಪಾಯಿ. ಅವರು 15.5 ಎಂದಿದ್ದರು, ನಾನು ಅರ್ಧ ಅಡಿ ಕಡಿತಗೊಳಿಸಿ ಗೆದ್ದೆನೆಂದುಕೊಂಡೆ. “ಸರ, ಲೆಕ್ಕ ಬಾಳ ಚಲೋ ಮಾಡ್ತೀರಿ ಬಿಡ್ರಿ, ನಿಮ್ಮ ಮುಂದ ನಮ್ಮ ಆಟ ನಡಿಯಂಗಿಲ್ಲ” ಎಂದರು. ಆ ಮಾತು ಈಗಲೂ ನಿದ್ದೆಯಲ್ಲಿ ಕೇಳಿಸುತ್ತದೆ.

ಊರಿಗೆ ತಂದ ಮೂರನೆಯ ದಿನ ತೊಲೆಗಳನ್ನು ಹಲಗೆ ಕೊಯ್ಯಿಸಲು ಮಿಲ್ಲಿಗೆ ಒಯ್ದೆ. ಮೊದಲೆರಡು ಚೆನ್ನಾಗಿಯೇ ಕೊಯ್ದವು. ಮೂರನೆಯ ತೊಲೆಗೆ ಗರಗಸ ತಾಗಿದ ಕೂಡಲೇ ಒಳಗಿನಿಂದ ಕಡಲೆಹಿಟ್ಟಿನಂಥ ಪುಡಿ ಸುರಿಯತೊಡಗಿತು. ಹೊಟ್ಟಲ್ಲ, ಪುಡಿ, ಕುಟ್ಟೆ ಹುಳು ತಿಂದು ಉಳಿಸಿದ ಪುಡಿ. ಕೆಲಸದ ಹುಡುಗ ತುಂಡೊಂದನ್ನು ಕೈಯಲ್ಲೇ ಮುರಿದು, “ಸರ, ಇದು ಸಾಗವಾನಿ ಅಲ್ರಿ, ಮಾವಿಂದು” ಎಂದು ನಕ್ಕ. ಅವನು ನನ್ನದೇ ಹಳೆಯ ವಿದ್ಯಾರ್ಥಿ. ನಾಲ್ಕನೆಯದರಲ್ಲಿ ಮುರಿದ ಮೊಳೆ ಅಡಗಿತ್ತು, ಗರಗಸದ ಹಲ್ಲು ಹೋಯಿತು, ಅದಕ್ಕೆ 900 ರೂಪಾಯಿ ತೆತ್ತೆ. ಉಳಿದ ಐದನ್ನು ಕೊಯ್ಯದೆ ಅಲ್ಲೇ ಚಾಕುವಿನಿಂದ ಕೆರೆದೆವು. ಮೇಲೆ ಸುಟ್ಟ ಎಂಜಿನ್ ಎಣ್ಣೆ, ಅದರ ಕೆಳಗೆ ಹುಳುವಿನ ತೂತುಗಳಿಗೆಲ್ಲ ಹೊಟ್ಟು ಮತ್ತು ಅಂಟು ಕಲಸಿ ಮೆತ್ತಿ ಉಜ್ಜಿದ್ದರು. ನಮ್ಮ ಕಿನ್ನಾಳದ ಕಲಾವಿದರು ಹುಣಸೆ ಬೀಜದ ಅಂಟಿಗೆ ಹೊಟ್ಟು ಬೆರೆಸಿ ಕಿಟ್ಟ ಮಾಡಿ ಗೊಂಬೆಗೆ ಮೈ ಕೊಡುತ್ತಾರೆ; ಅದೇ ಹೊಟ್ಟಿನಿಂದ ಇವರು ಕೊಳೆತದ್ದಕ್ಕೆ ಮುಖ ಕೊಟ್ಟಿದ್ದಾರೆ. ಕೈಚಳಕವಂತೂ ಇದೆ ಎಂದು ಒಪ್ಪಿಕೊಳ್ಳಲೇಬೇಕು.

ಫೋನ್ ಮಾಡಿದೆ. ಮೊದಲ ದಿನದ ಉತ್ತರ: “ಹಳೇ ಕಟಗಿ ಅಂದ್ರ ಹುಳ ಇರಾವ ರೀ ಸರ, ಸೀಮೆಎಣ್ಣಿ ಹಚ್ರಿ.” ಮಾವನ್ನು ಸಾಗವಾನಿಯೆಂದು ಮಾರಿದ್ದರ ಬಗ್ಗೆ ಒಂದು ಮಾತೂ ಇಲ್ಲ. ಎರಡನೆಯ ದಿನ: “ನೀವಾ ಆರಿಸಿ, ನೀವಾ ಅಳದು ಒಯ್ದೀರಿ, ಈಗ ನಾ ಏನ್ ಮಾಡ್ಲಿ?” ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ಅಳೆದದ್ದು ನಿಜ. ಬಿಲ್ಲು ಕೇಳಿದಾಗ, “ಹಳೇ ಕಟಗಿಗೆ ಯಾರ್ ಬಿಲ್ ಕೊಡ್ತಾರ್ರೀ?” ಎಂದರು. ಮೂರನೆಯ ದಿನ ಹೇಳಿದ್ದು ಮಾತ್ರ ಸಹಿಸಲಾಗದ್ದು: “ದಾರ್ಯಾಗ ಗಾಡಿಯವ ಬದಲ್ ಮಾಡಿರಬೇಕು ನೋಡ್ರಿ.” ಗಾಡಿಯವನು ನಮ್ಮೂರಿನ ಹುಡುಗ, 4,000 ಬಾಡಿಗೆಗೆ ಬಂದವನು, ಮತ್ತು ದಾರಿಯುದ್ದಕ್ಕೂ ನಾನೇ ಅವನ ಪಕ್ಕದಲ್ಲಿ ಕುಳಿತಿದ್ದೆ. ಅದನ್ನು ಹೇಳಿದ ಮೇಲೆ ನಂಬರ್ ಬ್ಲಾಕ್ ಆಯಿತು.

ಕೊಳ್ಳುವವರು ಮೇಲಿನ ತೊಲೆಯನ್ನು ನೋಡಬೇಡಿ, ಒಟ್ಟಿಲಿನ ತಳದ್ದನ್ನು ಎಳೆಸಿ ನೋಡಿ. ಪ್ರತಿಯೊಂದನ್ನೂ ಕೆರೆಯಿರಿ, ತುದಿಗೆ ದಬ್ಬಣ ಚುಚ್ಚಿ, ಸುತ್ತಿಗೆಯಿಂದ ಬಡಿದು ಸದ್ದು ಕೇಳಿ. ತೂಕ ಹಾಕಿಸಿ: ಒಣಗಿದ ಸಾಗವಾನಿ ಘನ ಅಡಿಗೆ ಸುಮಾರು 18 ಕಿಲೊ ತೂಗುತ್ತದೆ, ಆ ಲೆಕ್ಕದಲ್ಲಿ ನನ್ನ ಒಂದು ತೊಲೆ 30 ಕಿಲೊ ಇರಬೇಕಿತ್ತು; ಮನೆಗೆ ಬಂದು ತೂಗಿದರೆ 20. ಈ ಭಾಗಾಕಾರವನ್ನು ಅಡ್ಡೆಯಲ್ಲೇ ಮಾಡಿದ್ದರೆ ಸಾಕಿತ್ತು. ಅಲ್ಲಿ ಚಹಾ ಕುಡಿಯಬೇಡಿ.

ಸಾಗವಾನಿಯ ಎರಡು ತೊಲೆಗಳಿಂದ ಅರಿವು ಕೇಂದ್ರಕ್ಕೆ ಒಂದು ಬೆಂಚು ಆಗಿದೆ. ಜನರ 10,000 ರೂಪಾಯಿಯನ್ನು ಪಿಂಚಣಿಯಿಂದ ಹಿಂದಿರುಗಿಸಿದ್ದೇನೆ. ಹುಳು ಮನೆಯ ಬಾಗಿಲಿಗೆ ಹಬ್ಬೀತೆಂದು ಉಳಿದ ಏಳನ್ನು ಹೊಲದ ಬದುವಿಗೆ ಹಾಕಿಸಿದ್ದೇನೆ. ಸಾಕ್ಷಿಗೆ ಬೇಕಾದ್ದರಿಂದ ಇನ್ನೂ ಸುಟ್ಟಿಲ್ಲ. ಬಿಲ್ಲು ಇಲ್ಲದಿದ್ದರೂ ಹಣ ಕಳಿಸಿದ ದಾಖಲೆ ಫೋನಿನಲ್ಲಿದೆ, ಮಿಲ್ಲಿನವರು ಬರೆದುಕೊಟ್ಟ ಚೀಟಿಯಿದೆ. ಮುಂದಿನ ವಾರ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಲಿದ್ದೇನೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ. ಈ ವಾಡೆಯ ಫೋಟೊ ನೋಡಿ ನನ್ನಂತೆಯೇ ತೊಲೆ ತಂದವರಿದ್ದರೆ ತಿಳಿಸಿ, ಜೊತೆಯಲ್ಲಿ ಹೋಗೋಣ.