ದಿನವೂ ಒಂದು ಕ್ಯಾಪ್ಸೂಲೋ, ತಿಂಗಳಿಗೆ ಹನ್ನೆರಡು ರಾತ್ರಿಯೋ: ಋತುಬಂಧದ ನಂತರ ನಾನು ಬಳಸಿ ನೋಡಿದ ಎರಡು ಹಾರ್ಮೋನ್ ಕ್ರಮಗಳು

ರಾತ್ರಿ ಮಲಗುವ ಮುನ್ನ ಒಂದು ಪ್ರೊಜೆಸ್ಟರಾನ್ ಕ್ಯಾಪ್ಸೂಲ್, ತಿಂಗಳ ಯಾವ ತಾರೀಖಾದರೂ ಅದೇ ಒಂದು. ಕಳೆದ ಹದಿನಾರು ತಿಂಗಳಿಂದ ನಾನು ಪಾಲಿಸುತ್ತಿರುವ ಹಾರ್ಮೋನ್ ಚಿಕಿತ್ಸೆ ಇಷ್ಟು ಸರಳವಾಗಿದೆ, ಮತ್ತೆ ಹಳೆಯ ಕ್ರಮಕ್ಕೆ ಮರಳುವ ಮನಸ್ಸು ನನಗೆ ಎಳ್ಳಷ್ಟೂ ಇಲ್ಲ. ಇದಕ್ಕೂ ಮೊದಲು ಹದಿನಾಲ್ಕು ತಿಂಗಳು ನಾನು ಆವರ್ತಕ ಕ್ರಮದಲ್ಲಿದ್ದೆ. ಅಂದರೆ ಈಸ್ಟ್ರೋಜೆನ್ ದಿನವೂ, ಪ್ರೊಜೆಸ್ಟರಾನ್ ಮಾತ್ರ ತಿಂಗಳಿಗೆ ಹನ್ನೆರಡು ರಾತ್ರಿ. ಎರಡನ್ನೂ ಸ್ವತಃ ಬಳಸಿ ನೋಡಿದ ಮೇಲೆ ಬರೆಯುತ್ತಿರುವ ಈ ಹೋಲಿಕೆಯಲ್ಲಿ ನನ್ನ ಒಲವು ನಿರಂತರ ಕ್ರಮದ, ಅಂದರೆ ಎರಡೂ ಹಾರ್ಮೋನ್‌ಗಳನ್ನು ದಿನವೂ ತೆಗೆದುಕೊಳ್ಳುವ ಈಗಿನ ಕ್ರಮದ ಕಡೆಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಒಲವಿಗೆ ಎದುರಾಗಿ ನಿಲ್ಲುವ ಒಂದು ಗಂಭೀರ ಅಂಶವೂ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಇದ್ದಕ್ಕಿದ್ದಂತೆ ಮೈ ಬಿಸಿಯೇರುವುದು, ನಡುರಾತ್ರಿ ಬೆವರಿನಲ್ಲಿ ತೊಯ್ದು ಎಚ್ಚರವಾಗುವುದು, ಆಮೇಲೆ ಬೆಳಗಿನವರೆಗೂ ನಿದ್ದೆ ಹತ್ತದಿರುವುದು, ಇವೆಲ್ಲ ತಗ್ಗುವುದು ಈಸ್ಟ್ರೋಜೆನ್‌ನಿಂದ. ಅದು ಎರಡೂ ಕ್ರಮಗಳಲ್ಲಿ ಒಂದೇ ರೀತಿ ಇರುವುದರಿಂದ ಪರಿಹಾರದಲ್ಲಿ ನನಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ನಾನು ಎರಡರಲ್ಲೂ ಬಳಸಿದ್ದು ಚರ್ಮಕ್ಕೆ ಹಚ್ಚುವ ಜೆಲ್. ಮಾತ್ರೆಯಾಗಿ ನುಂಗುವ ಈಸ್ಟ್ರೋಜೆನ್ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಹೆಚ್ಚಿಸುತ್ತದೆ, ಇದು ಹೆಚ್ಚಿಸುವುದಿಲ್ಲ ಎಂಬ ಕಾರಣಕ್ಕೆ ವೈದ್ಯೆ ಅದನ್ನೇ ಆರಿಸಿದ್ದರು.

ವ್ಯತ್ಯಾಸವಿರುವುದು ಪ್ರೊಜೆಸ್ಟರಾನ್‌ನಲ್ಲಿ. ಗರ್ಭಕೋಶ ಇರುವ ಹೆಂಗಸಿಗೆ ಈಸ್ಟ್ರೋಜೆನ್ ಒಂದನ್ನೇ ಕೊಟ್ಟರೆ ಗರ್ಭಕೋಶದ ಒಳಪದರ ತಡೆಯಿಲ್ಲದೆ ಬೆಳೆಯುತ್ತ ಹೋಗುತ್ತದೆ. 1975ರಲ್ಲಿ ಪ್ರಕಟವಾದ ಅಧ್ಯಯನಗಳು ಹೀಗೆ ಈಸ್ಟ್ರೋಜೆನ್ ಮಾತ್ರ ತೆಗೆದುಕೊಂಡವರಲ್ಲಿ ಒಳಪದರದ ಕ್ಯಾನ್ಸರ್ ಹೆಚ್ಚಾಗಿರುವುದನ್ನು ತೋರಿಸಿದವು. ಮುಂದೆ 1990ರ ದಶಕದಲ್ಲಿ ಅಮೆರಿಕದಲ್ಲಿ ನಡೆದ ಮೂರು ವರ್ಷಗಳ ಪರೀಕ್ಷೆಯಲ್ಲಿ, ಈಸ್ಟ್ರೋಜೆನ್ ಒಂದನ್ನೇ ಪಡೆದವರ ಪೈಕಿ ನೂರಕ್ಕೆ 62 ಮಂದಿಯಲ್ಲಿ ಒಳಪದರ ಒಂದಲ್ಲ ಒಂದು ಬಗೆಯಲ್ಲಿ ಅತಿಯಾಗಿ ಬೆಳೆದಿತ್ತು. ಆದ್ದರಿಂದ ಪ್ರೊಜೆಸ್ಟರಾನ್ ಬೇಕೋ ಬೇಡವೋ ಎಂಬ ಪ್ರಶ್ನೆಯೇ ಬರುವುದಿಲ್ಲ. ಅದನ್ನು ತಿಂಗಳಲ್ಲಿ ಕೆಲವು ದಿನ ಕೊಟ್ಟು, ನಿಲ್ಲಿಸಿ, ಬೆಳೆದ ಪದರ ಮುಟ್ಟಿನಂತೆ ಹೊರಹೋಗಲು ಬಿಡಬೇಕೋ, ಅಥವಾ ದಿನವೂ ಸ್ವಲ್ಪ ಸ್ವಲ್ಪವೇ ಕೊಟ್ಟು ಪದರ ಬೆಳೆಯದಂತೆಯೇ ತಡೆಯಬೇಕೋ ಎಂಬುದಷ್ಟೇ ಆಯ್ಕೆ.

ನನಗೆ ಆವರ್ತಕ ಕ್ರಮ ಬಂದದ್ದು ವೈದ್ಯೆಯ ತಪ್ಪಿನಿಂದಲ್ಲ. ಕೊನೆಯ ಮುಟ್ಟು ಹದಿನೈದು ತಿಂಗಳ ಹಿಂದೆಯೇ ಆಗಿಹೋಯಿತು ಎಂದು ನಾನು ಅಂದುಕೊಂಡಿದ್ದೆ. ಆದರೆ ನಡುವೆ ಒಮ್ಮೆ ಎರಡು ದಿನ ಸ್ವಲ್ಪ ರಕ್ತ ಕಂಡಿದ್ದನ್ನು ಅವರು ಕೇಳಿ ತಿಳಿದುಕೊಂಡು, ಲೆಕ್ಕ ಅಲ್ಲಿಂದ ಹಿಡಿಯಬೇಕು, ಹಾಗಾಗಿ ಏಳು ತಿಂಗಳಷ್ಟೇ ಆಗಿದೆ ಎಂದರು. ಮುಟ್ಟು ನಿಂತು ಪೂರ್ತಿ ಹನ್ನೆರಡು ತಿಂಗಳಾಗದವರಿಗೆ ನಿರಂತರ ಕ್ರಮ ಸಾಮಾನ್ಯವಾಗಿ ಹೊಂದುವುದಿಲ್ಲ, ಏಕೆಂದರೆ ಅಂಡಾಶಯಗಳು ಇನ್ನೂ ಆಗೊಮ್ಮೆ ಈಗೊಮ್ಮೆ ತಮ್ಮ ಕೆಲಸ ಮಾಡುತ್ತಿರುತ್ತವೆ, ದೇಹದ ಆ ಸ್ವಂತ ಏರಿಳಿತದ ಮೇಲೆ ದಿನದ ಪ್ರೊಜೆಸ್ಟರಾನ್ ಬಿದ್ದರೆ ಯಾವಾಗೆಂದರೆ ಆಗ ರಕ್ತಸ್ರಾವವಾಗುತ್ತದೆ. ಆ ತೀರ್ಮಾನ ಸರಿಯಾಗಿಯೇ ಇತ್ತು. ಆದರೆ ಒಂದು ವರ್ಷ ತುಂಬಿದ ಕೂಡಲೇ ಬದಲಾಯಿಸಬಹುದಾಗಿದ್ದದ್ದನ್ನು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕಾಗದದ ಮೇಲೆ ಆವರ್ತಕ ಕ್ರಮ ಅಚ್ಚುಕಟ್ಟಾಗಿದೆ: ಪ್ರತಿ ತಿಂಗಳ 1ರಿಂದ 12ನೇ ತಾರೀಖಿನವರೆಗೆ ರಾತ್ರಿ 200 ಮಿಲಿಗ್ರಾಂ ಪ್ರೊಜೆಸ್ಟರಾನ್, 13ರಿಂದ 15ರೊಳಗೆ ರಕ್ತಸ್ರಾವ ಆರಂಭ, ನಾಲ್ಕೈದು ದಿನದಲ್ಲಿ ಮುಕ್ತಾಯ. ಮೊದಲ ಎಂಟು ತಿಂಗಳು ನನಗೂ ಹಾಗೆಯೇ ನಡೆಯಿತು. ಸ್ರಾವ ಯಾವಾಗ ಬರುತ್ತದೆ ಎಂಬುದು ಮೊದಲೇ ಗೊತ್ತಿರುವುದು ಈ ಕ್ರಮದ ದೊಡ್ಡ ಅನುಕೂಲ, ಅದನ್ನು ಒಪ್ಪುತ್ತೇನೆ.

ಒಂಬತ್ತನೆಯ ತಿಂಗಳಲ್ಲಿ ಅಕ್ಕನಿಗೆ ಶಸ್ತ್ರಚಿಕಿತ್ಸೆಯಾಯಿತು. ಆಸ್ಪತ್ರೆಯಲ್ಲಿ ಅವಳ ಜೊತೆ ಉಳಿಯಲು ನಾನೇ ಹೋಗಿದ್ದೆ. ತಿಂಗಳ ಮೊದಲ ಐದು ರಾತ್ರಿ ಕ್ಯಾಪ್ಸೂಲ್ ನುಂಗಿಯಾಗಿತ್ತು, ಆರನೆಯ ತಾರೀಖು ಅವಸರದಲ್ಲಿ ಹೊರಟಾಗ ಅದರ ಪಟ್ಟಿ ಮನೆಯ ಮೇಜಿನ ಸೆಳೆಖಾನೆಯಲ್ಲಿಯೇ ಉಳಿಯಿತು. ಹೀಗೆ ಮೂರು ರಾತ್ರಿ ತಪ್ಪಿಹೋಯಿತು. ಎಂಟನೆಯ ತಾರೀಖಿನ ಸಂಜೆ, ಅಕ್ಕನ ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದಾಗ ರಕ್ತ ಹೋಗಲಾರಂಭಿಸಿತು. ಕೈಚೀಲದಲ್ಲಿ ಪ್ಯಾಡ್ ಇರಲಿಲ್ಲ, ಏಕೆಂದರೆ ನನ್ನ ಲೆಕ್ಕದ ಪ್ರಕಾರ ಅದಕ್ಕಿನ್ನೂ ಐದು ದಿನವಿತ್ತು.

ಮರುದಿನ ಮನೆಗೆ ಬಂದ ಮೇಲೆ ಎದುರಾದ ಪ್ರಶ್ನೆ ಇನ್ನೂ ತೊಡಕಿನದು. ಉಳಿದ ಕ್ಯಾಪ್ಸೂಲ್‌ಗಳನ್ನು ಮುಂದುವರಿಸಬೇಕೋ, ಸ್ರಾವ ಶುರುವಾಯಿತೆಂದು ನಿಲ್ಲಿಸಬೇಕೋ? ಮುಂದುವರಿಸುವುದಾದರೆ 12ಕ್ಕೇ ಮುಗಿಸಬೇಕೋ, ಹನ್ನೆರಡು ರಾತ್ರಿ ತುಂಬುವವರೆಗೆ 15ರ ತನಕ ಎಳೆಯಬೇಕೋ? ನಾನು ನನ್ನ ತಿಳಿವಳಿಕೆಗೆ ತೋಚಿದಂತೆ 15ರವರೆಗೆ ಎಳೆದೆ. ಸ್ರಾವ ಒಂಬತ್ತು ದಿನ ಹೋಯಿತು. ಮುಂದಿನ ತಿಂಗಳು 1ರಿಂದ ಶುರು ಮಾಡಿದರೂ 10ನೇ ತಾರೀಖಿಗೇ ಮತ್ತೆ ಕಾಣಿಸಿಕೊಂಡಿತು. ಹೊತ್ತಲ್ಲದ ಹೊತ್ತಿನಲ್ಲಿ ಆಗುವ ರಕ್ತಸ್ರಾವವನ್ನು ಋತುಬಂಧದ ನಂತರ ಯಾರೂ ಕಡೆಗಣಿಸಬಾರದು. ಹಾಗಾಗಿ ವೈದ್ಯೆ ಸ್ಕ್ಯಾನಿಂಗ್‌ಗೆ ಬರೆದುಕೊಟ್ಟರು.

ಆ ಸ್ಕ್ಯಾನಿಂಗ್ ಯಾವ ದಿನ ಮಾಡಿಸಬೇಕು ಎಂಬುದನ್ನು ಯಾರೂ ಹೇಳಲಿಲ್ಲ, ನನ್ನ ಮಟ್ಟಿಗೆ ಇಡೀ ಕಥೆಯ ಅತ್ಯಂತ ಬೇಸರದ ಭಾಗ ಅದೇ. ಆವರ್ತಕ ಕ್ರಮದಲ್ಲಿರುವವರ ಒಳಪದರ ತಿಂಗಳುದ್ದಕ್ಕೂ ಒಂದೇ ದಪ್ಪ ಇರುವುದಿಲ್ಲ. ಈಸ್ಟ್ರೋಜೆನ್ ಅಡಿಯಲ್ಲಿ ಅದು ಬೆಳೆಯುತ್ತ ಬಂದು, ಸ್ರಾವ ಮುಗಿದ ಕೂಡಲೇ ಅತ್ಯಂತ ತೆಳುವಾಗಿರುತ್ತದೆ. ಅಳೆಯುವುದಾದರೆ ಆಗಲೇ ಅಳೆಯಬೇಕು. ನನಗೆ ಸಮಯ ಸಿಕ್ಕಿದ್ದು ಮುಂದಿನ ತಿಂಗಳ ಸ್ರಾವಕ್ಕೆ ಸ್ವಲ್ಪ ಮುಂಚೆ, ಅಂದರೆ ಪದರ ತುಂಬಿ ನಿಂತ ದಿನಗಳಲ್ಲಿ. ವರದಿಯಲ್ಲಿ 11 ಮಿಲಿಮೀಟರ್ ಎಂದು ಬಂತು. ಋತುಬಂಧವಾದವರಲ್ಲಿ 4 ಮಿಲಿಮೀಟರಿಗಿಂತ ತೆಳುವಾಗಿದ್ದರೆ ನೆಮ್ಮದಿ ಎಂಬ ಅಂಕಿಯನ್ನು ನಾನು ಅಷ್ಟರಲ್ಲಿ ಓದಿಕೊಂಡಿದ್ದೆ. ಆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಎಷ್ಟು ರಾತ್ರಿ ಕಳೆದೆನೆಂದು ಈಗ ನೆನಪಿಸಿಕೊಳ್ಳಲೂ ಇಷ್ಟವಿಲ್ಲ. ಬಯಾಪ್ಸಿ ಆಯಿತು. ಹೊಟ್ಟೆಯ ಕೆಳಭಾಗವನ್ನು ಒಳಗಿನಿಂದ ಹಿಂಡಿದಂತಹ ನೋವು ಒಂದೆರಡು ನಿಮಿಷ, ಅದನ್ನು ತಡೆದುಕೊಳ್ಳಬಹುದು. ತಡೆದುಕೊಳ್ಳಲಾಗದ್ದು ವರದಿಗಾಗಿ ಕಾದ ಹತ್ತು ದಿನ. ಪದರ ಸಹಜವಾಗಿದೆ, ಪ್ರೊಜೆಸ್ಟರಾನ್‌ಗೆ ಸರಿಯಾಗಿ ಸ್ಪಂದಿಸಿದೆ ಎಂದು ಬಂತು. ಸರಿಯಾದ ದಿನ ಅಳೆದಿದ್ದರೆ ಬಹುಶಃ ಆ ಹತ್ತು ದಿನಗಳೇ ಇರುತ್ತಿರಲಿಲ್ಲ.

ಇದನ್ನು ಇಷ್ಟು ವಿಸ್ತಾರವಾಗಿ ಬರೆಯಲು ಕಾರಣವಿದೆ. ಆವರ್ತಕ ಕ್ರಮ ಎಣಿಕೆಯ ಮೇಲೆ ನಿಂತಿದೆ. ಎಣಿಕೆ ಒಮ್ಮೆ ತಪ್ಪಿದರೆ, ಸ್ರಾವಕ್ಕೆ ಕಾರಣ ತಪ್ಪಿಹೋದ ಕ್ಯಾಪ್ಸೂಲೋ ಬೇರೇನೋ ಎಂದು ಹೇಳಲು ಬರುವುದಿಲ್ಲ. ತಿಂಗಳ ಅರ್ಧಕ್ಕಿಂತ ಹೆಚ್ಚು ಭಾಗ ಕ್ಯಾಪ್ಸೂಲ್ ಇಲ್ಲದೆ ಕಳೆಯುವುದರಿಂದ ಅದೊಂದು ರೂಢಿಯಾಗಿ ಕೈಗೆ ಹತ್ತುವುದೂ ಇಲ್ಲ. ಪ್ರತಿ ತಿಂಗಳ ಮೊದಲ ತಾರೀಖು ಹೊಸದಾಗಿ ನೆನಪಿಸಿಕೊಳ್ಳಬೇಕು. ಮನೆಯವರ ಕಾಯಿಲೆ, ಪ್ರಯಾಣ, ರಾತ್ರಿಪಾಳಿ ಇರುವವರ ಬದುಕಿಗೆ ಇದು ಭಾರ.

ನಿರಂತರ ಕ್ರಮಕ್ಕೆ ಬದಲಾಗುವಾಗ ಒಂದು ಸ್ರಾವ ಪೂರ್ತಿ ಮುಗಿಯಲು ಬಿಟ್ಟು, ಮರುರಾತ್ರಿಯಿಂದಲೇ 100 ಮಿಲಿಗ್ರಾಂ ಶುರು ಮಾಡಿದೆ. ಪದರ ಆಗ ತೆಳುವಾಗಿರುವುದರಿಂದ ಅದೇ ಒಳ್ಳೆಯ ಸಮಯ. ಆದರೂ ಮೊದಲ ತಿಂಗಳುಗಳು ಸುಗಮವಾಗಿರಲಿಲ್ಲ. ದಿನಚರಿಯಲ್ಲಿ ರಕ್ತದ ಕಲೆ ಕಂಡ ದಿನಗಳಿಗೆ ಕೆಂಪು ಶಾಯಿಯಲ್ಲಿ ಚುಕ್ಕೆ ಇಡುತ್ತಿದ್ದೆ: ಮೊದಲ ತಿಂಗಳು ಹನ್ನೊಂದು ಚುಕ್ಕೆ, ಎರಡನೆಯದು ಏಳು, ಮೂರನೆಯದು ಮತ್ತೆ ಎಂಟು, ನಾಲ್ಕನೆಯದು ಎರಡು, ಐದನೆಯದು ಒಂದು. ಅದಾದ ಮೇಲಿನ ಪುಟಗಳಲ್ಲಿ ಚುಕ್ಕೆಯೇ ಇಲ್ಲ. ಮೊದಲ ಮೂರರಿಂದ ಆರು ತಿಂಗಳು ಹೀಗೆ ಹೊತ್ತುಗೊತ್ತಿಲ್ಲದೆ ಸ್ರಾವವಾಗುವುದು ಸಾಮಾನ್ಯ, ಒಂದು ವರ್ಷದೊಳಗೆ ಬಹುತೇಕರಿಗೆ ಪೂರ್ತಿ ನಿಲ್ಲುತ್ತದೆ ಎಂದು ವೈದ್ಯೆ ಮೊದಲೇ ಹೇಳಿದ್ದರಿಂದ ಈ ಬಾರಿ ಹೆದರಲಿಲ್ಲ. ಆರು ತಿಂಗಳು ದಾಟಿದರೂ ಮುಂದುವರಿದರೆ, ಹೆಚ್ಚು ಹೋದರೆ, ಅಥವಾ ಪೂರ್ತಿ ನಿಂತು ಮತ್ತೆ ಕಾಣಿಸಿಕೊಂಡರೆ ತಡಮಾಡದೆ ಬನ್ನಿ ಎಂದೂ ಅವರು ಹೇಳಿದ್ದರು. ಬಿಳಿ ಬಟ್ಟೆ ಉಡಲು ಹಿಂಜರಿದ ಐದು ತಿಂಗಳು ಅದು, ನಿಜ. ಆದರೆ ಅದಕ್ಕೊಂದು ಕೊನೆಯಿತ್ತು.

ಈಗ ನನ್ನ ಒಲವಿಗೆ ಎದುರಾದ ಅಂಶ. ಸ್ತನ ಕ್ಯಾನ್ಸರಿನ ಅಪಾಯದಲ್ಲಿ ನಿರಂತರ ಕ್ರಮವೇ ಸ್ವಲ್ಪ ಹಿಂದೆ ಬೀಳುತ್ತದೆ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯ ಲೆಕ್ಕ ಹೀಗಿದೆ: 50ರಿಂದ 69ರ ವಯಸ್ಸಿನ ನಡುವೆ ಸ್ತನ ಕ್ಯಾನ್ಸರ್ ಬರುವವರು, ಹಾರ್ಮೋನ್ ಬಳಸದವರಲ್ಲಿ ನೂರಕ್ಕೆ 6.3, 50ರಲ್ಲಿ ಆರಂಭಿಸಿ ಐದು ವರ್ಷ ಬಳಸಿದವರ ಪೈಕಿ ಈಸ್ಟ್ರೋಜೆನ್ ಮಾತ್ರ ಪಡೆದವರಲ್ಲಿ 6.8, ಆವರ್ತಕ ಕ್ರಮದವರಲ್ಲಿ 7.7, ನಿರಂತರ ಕ್ರಮದವರಲ್ಲಿ 8.3. ಆವರ್ತಕಕ್ಕೂ ನಿರಂತರಕ್ಕೂ ನಡುವಿನ ಅಂತರ ಸಾವಿರಕ್ಕೆ ಆರು. ಚಿಕ್ಕದೆಂದು ತಳ್ಳಿಹಾಕುವ ಅಂಕಿ ಇದಲ್ಲ. ತಾಯಿಗೋ ಅಕ್ಕತಂಗಿಯರಿಗೋ ಆ ಕಾಯಿಲೆ ಬಂದಿದ್ದರೆ ನಾನು ಬೇರೆ ರೀತಿ ಯೋಚಿಸುತ್ತಿದ್ದೆ. ಆ ಅಧ್ಯಯನಗಳಲ್ಲಿದ್ದ ಹೆಚ್ಚಿನವರು ಬಳಸಿದ್ದು ಪ್ರೊಜೆಸ್ಟರಾನ್‌ನಂತೆ ಕೆಲಸ ಮಾಡುವ ಕೃತಕ ಔಷಧಗಳಾದ ಪ್ರೊಜೆಸ್ಟೋಜೆನ್‌ಗಳನ್ನು, ನಾನು ಬಳಸುತ್ತಿರುವುದು ದೇಹದ್ದೇ ರಚನೆಯ ಪ್ರೊಜೆಸ್ಟರಾನ್. ಆದರೂ ಅದನ್ನೇ ನೆಪ ಮಾಡಿಕೊಳ್ಳದೆ, ವರ್ಷಕ್ಕೊಮ್ಮೆ ವೈದ್ಯೆಯೊಂದಿಗೆ ಕುಳಿತು ಮುಂದುವರಿಸಬೇಕೇ ಎಂದು ಕೇಳಿಕೊಳ್ಳುತ್ತೇನೆ.

ಹಾರ್ಮೋನ್ ಚಿಕಿತ್ಸೆಯ ಹೆಸರು ಕೇಳಿದರೆ ಹಲವರಿಗೆ ನೆನಪಾಗುವುದು ಅಪಾಯ ಹೆಚ್ಚೆಂದು ಕಂಡು 2002ರ ಜುಲೈನಲ್ಲಿ ಅರ್ಧಕ್ಕೆ ನಿಲ್ಲಿಸಿದ ಅಮೆರಿಕದ ದೊಡ್ಡ ಪರೀಕ್ಷೆ. ಅದರಲ್ಲಿ ಕೊಟ್ಟದ್ದೂ ನಿರಂತರ ಕ್ರಮವೇ. ಆದರೆ ನುಂಗುವ ಈಸ್ಟ್ರೋಜೆನ್, ಕೃತಕ ಪ್ರೊಜೆಸ್ಟೋಜೆನ್, ಭಾಗವಹಿಸಿದ 16,608 ಹೆಂಗಸರ ಸರಾಸರಿ ವಯಸ್ಸು 63. ಐವತ್ತರ ಆಸುಪಾಸಿನಲ್ಲಿ ಜೆಲ್‌ನಿಂದ ಶುರು ಮಾಡುವವರು ಆ ಫಲಿತಾಂಶವನ್ನು ಇದ್ದ ಹಾಗೆಯೇ ತಮಗೆ ಅನ್ವಯಿಸಿಕೊಳ್ಳಬೇಕಾಗಿಲ್ಲ.

ಗರ್ಭಕೋಶದ ವಿಷಯದಲ್ಲಿ ತಕ್ಕಡಿ ಈ ಕಡೆ ತೂಗುತ್ತದೆ. 2005ರಲ್ಲಿ ಪ್ರಕಟವಾದ ಬ್ರಿಟನ್ನಿನ ಹತ್ತು ಲಕ್ಷ ಮಹಿಳೆಯರ ಅಧ್ಯಯನದಲ್ಲಿ, ನಿರಂತರ ಕ್ರಮದವರಿಗೆ ಒಳಪದರದ ಕ್ಯಾನ್ಸರಿನ ಅಪಾಯ ಹಾರ್ಮೋನ್ ಬಳಸದವರಿಗಿಂತಲೂ ಕಡಿಮೆ ಇತ್ತು. ಆವರ್ತಕ ಕ್ರಮದವರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಐದು ವರ್ಷಕ್ಕಿಂತ ಹೆಚ್ಚು ಕಾಲ ಆವರ್ತಕದಲ್ಲೇ ಉಳಿಯಬೇಡಿ ಎಂದು ತಜ್ಞರು ಹೇಳುವುದು ಈ ಪದರದ ರಕ್ಷಣೆಗಾಗಿಯೇ.

200 ಮಿಲಿಗ್ರಾಂ ತೆಗೆದುಕೊಂಡ ಮರುದಿನ ಬೆಳಿಗ್ಗೆ ತಲೆ ಭಾರ, ಸ್ತನಗಳಲ್ಲಿ ಬಿಗಿತ, ಸಣ್ಣ ಮಾತಿಗೂ ಸಿಡುಕು. 100ರಲ್ಲಿ ಇವು ಯಾವುವೂ ಇಲ್ಲ, ನಿದ್ದೆ ಮಾತ್ರ ಚೆನ್ನಾಗಿ ಬರುತ್ತದೆ. ಕೆಲವರಿಗೆ ಪ್ರೊಜೆಸ್ಟರಾನ್ ಎಷ್ಟು ಕಡಿಮೆಯಾದರೂ ಒಗ್ಗುವುದಿಲ್ಲ. ಅವರಿಗೆ ತಿಂಗಳೆಲ್ಲ ಸಹಿಸುವುದಕ್ಕಿಂತ ಹನ್ನೆರಡು ದಿನ ಸಹಿಸುವುದೇ ಮೇಲು. ಗರ್ಭಕೋಶದೊಳಗೆ ಪ್ರೊಜೆಸ್ಟೋಜೆನ್ ಬಿಡುಗಡೆ ಮಾಡುವ ಸಾಧನವನ್ನು ಐದು ವರ್ಷಕ್ಕೆ ಒಮ್ಮೆ ಅಳವಡಿಸಿಕೊಳ್ಳುವ ದಾರಿಯೂ ಅಂಥವರಿಗಿದೆ.

ಖರ್ಚಿನಲ್ಲಿ ನಿರಂತರ ಕ್ರಮವೇ ದುಬಾರಿ. 100 ಮಿಲಿಗ್ರಾಂ ಕ್ಯಾಪ್ಸೂಲ್‌ಗಳ ಲೆಕ್ಕದಲ್ಲಿ ಆವರ್ತಕಕ್ಕೆ ತಿಂಗಳಿಗೆ 24, ನಿರಂತರಕ್ಕೆ 30, ಅಂದರೆ ಕಾಲು ಭಾಗ ಹೆಚ್ಚು. ಪ್ಯಾಡ್‌ಗಳು ನಿಂತದ್ದನ್ನೂ, ಎಣಿಕೆ ತಪ್ಪಿದ ಆ ಒಂದು ತಿಂಗಳು ತಂದಿಟ್ಟ ಸ್ಕ್ಯಾನಿಂಗ್ ಮತ್ತು ಬಯಾಪ್ಸಿಯನ್ನೂ ಸೇರಿಸಿದರೆ ನನಗೆ ಈ ಹೆಚ್ಚಳ ಲೆಕ್ಕಕ್ಕೇ ಬರುವುದಿಲ್ಲ. ಹಲ್ಲುಜ್ಜುವ ಬ್ರಷ್‌ನ ಪಕ್ಕದಲ್ಲೇ ಪಟ್ಟಿ ಇಟ್ಟುಕೊಂಡಿದ್ದೇನೆ, ಒಂದು ಪಟ್ಟಿ ಕೈಚೀಲದಲ್ಲಿ ಸದಾ ಇರುತ್ತದೆ. ಈ ಹದಿನಾರು ತಿಂಗಳಲ್ಲಿ ಎರಡು ರಾತ್ರಿ ತಪ್ಪಿತು, ಏನೂ ಆಗಲಿಲ್ಲ.

ತಂಗಿಗೆ ಈಗ ನಲವತ್ತೊಂಬತ್ತು, ಕೊನೆಯ ಮುಟ್ಟಾಗಿ ನಾಲ್ಕು ತಿಂಗಳು. ಅವಳು ಕೇಳಿದಾಗ, ನನಗೆ ಇಷ್ಟವಾದದ್ದನ್ನೇ ನೀನೂ ತೆಗೆದುಕೋ ಎಂದು ಹೇಳಲಿಲ್ಲ. ಅವಳು ಈಗ ಆವರ್ತಕದಲ್ಲಿಯೇ ಆರಂಭಿಸಬೇಕು. ನನ್ನ ದಿನಚರಿಯನ್ನು ಅವಳ ಕೈಗೆ ಕೊಟ್ಟು, ಮೊದಲ ಪುಟದಲ್ಲಿ ಎರಡು ಸಾಲು ಬರೆದೆ: ಸ್ಕ್ಯಾನಿಂಗ್ ಹೇಳಿದರೆ ಸ್ರಾವ ನಿಂತ ಕೂಡಲೇ ಮಾಡಿಸು, ಯಾವಾಗ ನಿರಂತರಕ್ಕೆ ಬದಲಾಯಿಸಬಹುದು ಎಂಬ ತಾರೀಖನ್ನು ಮೊದಲ ಭೇಟಿಯಲ್ಲಿಯೇ ವೈದ್ಯೆಯನ್ನು ಕೇಳಿ ಇಲ್ಲಿ ಬರೆದುಕೋ.