ನನ್ನ ಓಟು ಜೆರಾಕ್ಸ್ ಹಾಳೆಗೆ: ಮೂರು ಥರ ಸಮೀಕ್ಷೆ ಮಾಡಿ ನೋಡಿದೆ

ಸೋಶಿಯಲ್ ಮೀಡಿಯಾ ಬಗ್ಗೆ ಜನ ಏನಂದುಕೊಂಡಿದ್ದಾರೆ ಅಂತ ಎಂ.ಎ. ಪ್ರಾಜೆಕ್ಟ್‌ಗೆ ಕೇಳಬೇಕಿತ್ತು. ಶಿವಮೊಗ್ಗದಲ್ಲಿ ಒಂದಿಷ್ಟು ಜನ, ಹೊಸನಗರದ ಕಡೆಯ ನಮ್ಮೂರಲ್ಲಿ ಒಂದಿಷ್ಟು ಜನ. ವಾಟ್ಸಾಪಲ್ಲಿ ಲಿಂಕ್ ಕಳಿಸುವ ಆನ್‌ಲೈನ್ ಫಾರ್ಮ್, ಫೋನಲ್ಲೇ ಉತ್ತರ ತುಂಬಿಕೊಳ್ಳುವ ಕೋಬೊ ಕಲೆಕ್ಟ್ ಅನ್ನುವ ಸಮೀಕ್ಷೆ ಆಪ್, ಜೆರಾಕ್ಸ್ ಹಾಳೆ, ಮೂರನ್ನೂ ಮಾಡಿ ನೋಡಿದೆ. ಮುಂದಿನ ಸಲ ಹಾಳೆ ಬಿಟ್ಟು ಬೇರೆ ಯೋಚನೆಯಿಲ್ಲ.

ಆನ್‌ಲೈನ್ ಫಾರ್ಮ್‌ಗೆ ಖರ್ಚಿಲ್ಲ. ಕಾಲೇಜಿನ ಗ್ರೂಪು, ಸಂಘದ ಗ್ರೂಪು, ಅತ್ತಿಗೆಯ ತವರಿನ ಗ್ರೂಪು, ಎಲ್ಲಕ್ಕೂ ಹಾಕಿದೆ. ಸಂಜೆಯೊಳಗೆ ಉತ್ತರಗಳು ಬಂದು ಬಿದ್ದವು. ತೆಗೆದು ನೋಡಿದರೆ ಹೆಚ್ಚಿನವರು ಎಲ್ಲವನ್ನೂ ಒಪ್ಪಿದ್ದಾರೆ! ‘ಅಲ್ಲಿ ಬರುವ ಸುದ್ದಿ ನಂಬಬಹುದು’, ಒಪ್ಪುತ್ತೇನೆ. ‘ಅಲ್ಲಿ ಬರುವ ಸುದ್ದಿ ನಂಬುವಂತಿಲ್ಲ’, ಅದಕ್ಕೂ ಒಪ್ಪುತ್ತೇನೆ. ಕಣ್ಣುಮುಚ್ಚಿ ಟಿಕ್ ಹಾಕುವವರು ಸಿಕ್ಕಿಬೀಳಲಿ ಅಂತ ಬೇಕಂತಲೇ ಇಟ್ಟಿದ್ದ ಜೋಡಿ ಅದು. ಇಷ್ಟೊಂದು ಜನ ಸಿಕ್ಕಿಬೀಳುತ್ತಾರೆ ಅಂದುಕೊಂಡಿರಲಿಲ್ಲ.

ಎರಡು ದಿನ ಜನರನ್ನೇ ಬೈದುಕೊಂಡೆ. ಆಮೇಲೆ ಚಿಕ್ಕಮ್ಮ ಫೋನ್ ಹಿಡಿದುಕೊಂಡು ಬಂದು, “ಇದರಲ್ಲಿ ಇಲ್ಲ ಅನ್ನೋಕೆ ಜಾಗವೇ ಇಲ್ವಲ್ಲೇ?” ಅಂದರು. ಇಣುಕಿ ನೋಡಿದೆ. ಐದು ಆಯ್ಕೆಗಳನ್ನು ಅಡ್ಡಡ್ಡ ಕೋಷ್ಟಕದಲ್ಲಿ ಜೋಡಿಸಿದ್ದೆ. ಲ್ಯಾಪ್‌ಟಾಪಲ್ಲಿ ಐದೂ ಚೆಂದ ಕಾಣುತ್ತಿದ್ದವು. ಚಿಕ್ಕಮ್ಮನ ಫೋನಲ್ಲಿ ‘ಸಂಪೂರ್ಣವಾಗಿ ಒಪ್ಪುತ್ತೇನೆ’, ‘ಒಪ್ಪುತ್ತೇನೆ’, ಅದರಾಚೆ ಅರ್ಧ ‘ತಟಸ್ಥ’. ಅಷ್ಟೇ. ಪಕ್ಕಕ್ಕೆ ಸರಿಸಿದರೆ ಉಳಿದದ್ದು ಬರುತ್ತದೆ, ಸರಿಸಬೇಕು ಅಂತ ಹೇಳುವವರು ಯಾರು? 1932ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರೆನ್ಸಿಸ್ ಲಿಕರ್ಟ್ ‘ಒಪ್ಪುತ್ತೇನೆ’ಯಿಂದ ‘ಒಪ್ಪುವುದಿಲ್ಲ’ದವರೆಗಿನ ಈ ಬಗೆಯ ಅಳತೆಯನ್ನು ಮುಂದಿಟ್ಟಾಗ ಜನರ ಕೈಯಲ್ಲಿ ಹಾಳೆ ಇರುತ್ತಿತ್ತು, ಹಾಳೆಗೆ ಅಗಲ ಇರುತ್ತಿತ್ತು. ತಪ್ಪು ನನ್ನದೇ. ಒಂದು ಸಣ್ಣ ಫೋನಲ್ಲಿ ತೆರೆದು ನೋಡಿದ್ದರೆ ಸಾಕಿತ್ತು. ಆಯ್ಕೆಗಳನ್ನು ಒಂದರ ಕೆಳಗೊಂದು ಇಟ್ಟೆ, ಬಂದಿದ್ದ ಉತ್ತರಗಳನ್ನೆಲ್ಲ ಅಳಿಸಿದೆ.

ಸರಿಮಾಡಿದ ಮೇಲೂ ಒಂದು ಕಸಿವಿಸಿ ಉಳಿಯಿತು. ವಾಟ್ಸಾಪ್ ಬೇಡ ಅನ್ನುವವರ ಅಭಿಪ್ರಾಯವನ್ನು ವಾಟ್ಸಾಪಲ್ಲೇ ಕೇಳಿದರೆ ಹೇಗೆ? 1936ರ ಅಧ್ಯಕ್ಷ ಚುನಾವಣೆಯಲ್ಲಿ ಯಾರು ಗೆಲ್ಲುತ್ತಾರೆ ಅಂತ ತಿಳಿಯಲು ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಟೆಲಿಫೋನ್ ಡೈರೆಕ್ಟರಿ, ಕಾರು ಇದ್ದವರ ಪಟ್ಟಿ ಹಿಡಿದು ಸುಮಾರು 1 ಕೋಟಿ ಜನರಿಗೆ ಕಾರ್ಡು ಕಳಿಸಿತ್ತು. 20 ಲಕ್ಷಕ್ಕೂ ಜಾಸ್ತಿ ವಾಪಸು ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಅಂತ ಬರೆಯಿತು. ಎದುರಾಳಿ ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದರು. ಫೋನು, ಕಾರು ಇಲ್ಲದವರು ಆ ಪಟ್ಟಿಗಳಲ್ಲಿ ಇರಲಿಲ್ಲವಲ್ಲ. ನನ್ನ ಅತ್ತಿಗೆಯ ತವರಿನ ಗ್ರೂಪು ಅದಕ್ಕಿಂತ ಏನು ಮೇಲು, ಅಲ್ವಾ?

ಕೋಬೊ ಬಗ್ಗೆ ದೂರಿಲ್ಲ. ನೆಟ್‌ವರ್ಕ್ ಇಲ್ಲದ ಕಡೆ ಫಾರ್ಮ್ ಫೋನಲ್ಲೇ ಉಳಿಯುತ್ತದೆ, ಸಿಗ್ನಲ್ ಸಿಕ್ಕಾಗ ಹೋಗುತ್ತದೆ. ಫೇಸ್‌ಬುಕ್ ಇಲ್ಲ ಅಂದವರಿಗೆ ಫೇಸ್‌ಬುಕ್ ಪ್ರಶ್ನೆ ತಾನಾಗಿ ಹಾರಿಹೋಗುವಂತೆ ಮಾಡಬಹುದು. ಸಾವಿರ ಜನರನ್ನು ಕೇಳಬೇಕು, ಕೈಯಾಳುಗಳಿದ್ದಾರೆ ಅಂದರೆ ಅದನ್ನೇ ಹಿಡಿಯಿರಿ. ನಾನೊಬ್ಬಳೇ. ಅದೂ ಅಲ್ಲದೆ ಫೋನ್ ತೆಗೆದ ಕೂಡಲೇ, “ಫೋಟೋ ತೆಗಿತೀಯಾ?” ಅಂತ ಸೆರಗು ಸರಿಮಾಡಿಕೊಂಡು ಕೂತುಬಿಡುತ್ತಿದ್ದರು. ಆಮೇಲೆ ಮಾತು ಹೊರಡುತ್ತಿರಲಿಲ್ಲ.

ಹಾಳೆ ಗೆದ್ದದ್ದು ಅಡಿಕೆ ಸುಲಿಯುವ ಚಪ್ಪರದಲ್ಲಿ. ರಾತ್ರಿ ಎಂಟು ಗಂಟೆ, ಮೆಟ್ಟುಗತ್ತಿಯ ಮುಂದೆ ಏಳೆಂಟು ಜನ, ಕೈಯೆಲ್ಲ ಚೊಗರು. ಆ ಕೈಯಲ್ಲಿ ಫೋನ್ ಯಾರು ಮುಟ್ಟುತ್ತಾರೆ? ನಾನು ಓದಿದೆ, ಅವರು ಸುಲಿಯುತ್ತಲೇ ಹೇಳಿದರು, ನಾನು ಟಿಕ್ ಹಾಕಿದೆ. ‘ಸೋಶಿಯಲ್ ಮೀಡಿಯಾ ಬಳಸುತ್ತೀರಾ?’ ಅಂದಾಗ ಒಬ್ಬ ಅಜ್ಜಿ, “ಅದೆಲ್ಲ ಇಲ್ಲ ಮಾರಾಯ್ತಿ. ಬರೀ ವಾಟ್ಸಾಪು, ಮತ್ತೆ ಯೂಟ್ಯೂಬಲ್ಲಿ ಯಕ್ಷಗಾನ” ಅಂದರು. ಅದನ್ನು ಹಾಗೇ ಅಂಚಿನಲ್ಲಿ ಗೀಚಿಕೊಂಡೆ. ಫಾರ್ಮ್‌ನಲ್ಲಾಗಿದ್ದರೆ ‘ಇಲ್ಲ’ ಅಂತ ಬಿದ್ದು ಮುಗಿದುಹೋಗುತ್ತಿತ್ತು. ಈಗ ಆ ಪ್ರಶ್ನೆ ತೆಗೆದು ಆಪ್‌ಗಳ ಹೆಸರನ್ನೇ ಒಂದೊಂದಾಗಿ ಕೇಳುತ್ತಿದ್ದೇನೆ. ‘ತಟಸ್ಥ’ ಹೋಗಿ ‘ಹೇಳೋಕೆ ಆಗಲ್ಲ’ ಬಂದಿದೆ. ‘ಮಕ್ಕಳ ಓದು ಮತ್ತು ನಿದ್ದೆ ಕೆಡುತ್ತದೆ’ ಎಂಬುದು ಎರಡು ಪ್ರಶ್ನೆಯಾಗಿ ಒಡೆದಿದೆ.

ಹಾಳೆಯ ಶಾಪ ಅಂದರೆ ಎಕ್ಸೆಲ್‌ಗೆ ತುಂಬುವುದು. ಅಕ್ಕನ ಮಗ ಓದಿದ, ನಾನು ಟೈಪ್ ಮಾಡಿದೆ, ಎರಡು ಭಾನುವಾರ ಹೋಯಿತು. ಅವನ ಕೂಲಿ ಎರಡು ಪ್ಲೇಟ್ ಗೋಬಿ. ಮಳೆಗಾಲದಲ್ಲಾದರೆ ಹಾಳೆಗೆ ಪ್ಲಾಸ್ಟಿಕ್ ಕವರ್ ಬೇಕು.

ಎರಡನೇ ಸುತ್ತಿನ ಹಾಳೆ ಮೊನ್ನೆ ಜೆರಾಕ್ಸ್‌ಗೆ ಕೊಟ್ಟೆ. ಈ ಸಲ ಅಕ್ಷರ ದೊಡ್ಡದು ಮಾಡಿಸಿದ್ದೇನೆ, ಚಪ್ಪರದ ಬಲ್ಬಿನ ಬೆಳಕು ಸಾಲುವುದಿಲ್ಲ. ಅಂಚನ್ನೂ ಎರಡು ಬೆರಳು ಜಾಸ್ತಿ ಬಿಡಿಸಿದ್ದೇನೆ.