ಮೂರು ಎಕ್ಸಲೆಂಟ್ ನೋಡಿ ವಜ್ರ ಕೊಳ್ಳುವವರೇ, ರೌಂಡ್ ಮಾಡಿದ ಅಂಕಿಗಳ ಬಗ್ಗೆ ಎಚ್ಚರ

ದುಂಡು ವಜ್ರ ಕೊಳ್ಳುವ ಯೋಚನೆ ಇದ್ದವರಿಗೆ ಒಂದು ಮಾತು. ವಜ್ರದ ಜೊತೆ ಬರುವ ಲ್ಯಾಬ್ ರಿಪೋರ್ಟಿನ ಚಿತ್ರದ ಪಕ್ಕ ಅಚ್ಚಾಗಿರುವ ಕೋನಗಳನ್ನು ಇದ್ದದ್ದು ಇದ್ದ ಹಾಗೆ ನಂಬಬೇಡಿ. ಅವು ಸರಾಸರಿ ತೆಗೆದು, ಆಮೇಲೆ ರೌಂಡ್ ಮಾಡಿದ ಅಂಕಿಗಳು. ನನಗೆ ಹರಳು ಮಾರಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಆದರೂ "ಮೆಷಿನ್ ಅಳೆದದ್ದು, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ" ಎಂದು ಹೇಳಿಯೇ ಮಾರಿದರು.

ರಿಪೋರ್ಟ್ ಜಿಐಎಯದು, ಅಂದರೆ ವಜ್ರಗಳಿಗೆ ದರ್ಜೆ ಕೊಡುವ ಲ್ಯಾಬಿನದು. ಟೇಬಲ್ (ಮೇಲಿನ ಚಪ್ಪಟೆ ಮುಖ) ಹರಳಿನ ಅಗಲದ 58%, ಕ್ರೌನ್ (ಮೇಲ್ಭಾಗ) ಕೋನ 35.5°, ಪೆವಿಲಿಯನ್ (ಕೆಳಭಾಗ) ಕೋನ 41.2°. ಕಟ್, ಪಾಲಿಶ್, ಸಿಮೆಟ್ರಿ ಮೂರಕ್ಕೂ ಎಕ್ಸಲೆಂಟ್, ಅಂದರೆ ಎಲ್ಲಕ್ಕಿಂತ ಮೇಲಿನ ದರ್ಜೆ. ಅಂಗಡಿಯ ಸ್ಪಾಟ್‌ಲೈಟ್ ಕೆಳಗೆ ಭರ್ಜರಿಯಾಗಿ ಮಿಂಚಿತು. ಆ ದೀಪದ ಕೆಳಗೆ ಯಾವ ವಜ್ರ ತಾನೇ ಮಿಂಚುವುದಿಲ್ಲ? ಮನೆಯ ಸಾಮಾನ್ಯ ಬೆಳಕಿನಲ್ಲಿ ನೋಡಿದರೆ ಟೇಬಲ್ಲಿನ ಅಂಚಿನ ಕೆಳಗೆ ಸುತ್ತಲೂ ಒಂದು ಮಂಕು ಬಳೆ. ಎಷ್ಟು ಒರೆಸಿದರೂ ಹೋಗಲಿಲ್ಲ.

ಬೇರೆ ಕಡೆ ಸ್ಕ್ಯಾನ್ ಮಾಡಿಸಿದೆ. ಕ್ರೌನ್ ಸರಾಸರಿ 35.68°, ಪೆವಿಲಿಯನ್ 41.27°. ಬಿಡಿಬಿಡಿಯಾಗಿ ನೋಡಿದರೆ ಕ್ರೌನಿನ ಎಂಟು ಮುಖ್ಯ ಮುಖಗಳು (ಕತ್ತರಿಸಿ ಮಾಡಿದ ಸಮತಲಗಳು) 35.1°ರಿಂದ 36.3°ವರೆಗೂ ಹರಡಿಕೊಂಡಿದ್ದವು. ಐಡಿಯಲ್‌ಸ್ಕೋಪ್ (ಕಣ್ಣಿಗೆ ವಾಪಸ್ ಬರುವ ಬೆಳಕನ್ನು ಕೆಂಪಾಗಿ ತೋರಿಸುವ ಸಣ್ಣ ಉಪಕರಣ) ಇಟ್ಟು ನೋಡಿದಾಗ ಕೆಂಪು ಕಾಣಬೇಕಾದ ಜಾಗದಲ್ಲಿ ಬಿಳಿ. ಅಂದರೆ ಅಲ್ಲಿ ಬೆಳಕು ಕಣ್ಣಿಗೆ ವಾಪಸ್ ಬರದೆ ಹಿಂದಿನಿಂದ ಸೋರಿಹೋಗುತ್ತಿದೆ.

ಇದರಲ್ಲಿ ಲ್ಯಾಬಿನ ಮೋಸ ಏನೂ ಇಲ್ಲ. ಜಿಐಎ ತಾನು ಹೇಗೆ ರೌಂಡ್ ಮಾಡುತ್ತೇನೆ ಎಂದು ತಾನೇ ಪ್ರಕಟಿಸಿದೆ. ಕ್ರೌನ್ ಕೋನವನ್ನು ಹತ್ತಿರದ 0.5°ಗೆ, ಪೆವಿಲಿಯನ್ ಕೋನವನ್ನು ಹತ್ತಿರದ 0.2°ಗೆ, ಟೇಬಲ್ಲನ್ನು 1%ಗೆ. ಲೋವರ್ ಹಾಫ್ (ಪೆವಿಲಿಯನ್ನಿನ ಉದ್ದ ಮುಖಗಳು) ಮತ್ತು ಸ್ಟಾರ್ (ಟೇಬಲ್ಲಿಗೆ ತಾಗಿದ ಸಣ್ಣ ಮುಖಗಳು), ಇವುಗಳ ಉದ್ದವನ್ನಂತೂ 5%ಗೆ! ಹಾಗಾಗಿ 35.5° ಎಂದರೆ 35.25°ರಿಂದ 35.75°ರ ನಡುವೆ ಎಲ್ಲೋ ಒಂದು ಕಡೆ. 41.2° ಎಂದರೆ 41.1°ರಿಂದ 41.3°ರ ನಡುವೆ. ನನ್ನ ಹರಳಿನಲ್ಲಿ ಎರಡೂ ಮೇಲಿನ ತುದಿಯಲ್ಲಿದ್ದವು, ರಿಪೋರ್ಟಿನಲ್ಲಿ ಎರಡೂ ಕೆಳಗೆ ಇಳಿದವು. ತಮಾಷೆ ಏನೆಂದರೆ, ತೂಕದ ವಿಷಯದಲ್ಲಿ ಇದೇ ಲ್ಯಾಬ್ ತುಂಬಾ ಬಿಗಿ. 0.998 ಕ್ಯಾರಟ್ ತೂಗಿದರೆ 0.99 ಎಂದೇ ಬರೆಯುತ್ತದೆ. 0.999 ಇದ್ದರೆ ಮಾತ್ರ 1.00.

0.1° ಯಾವ ಲೆಕ್ಕ ಅನ್ನಿಸಬಹುದು. ಕ್ರೌನಿನಲ್ಲಿ ಅದು ನಿಜಕ್ಕೂ ದೊಡ್ಡದಲ್ಲ. ಪೆವಿಲಿಯನ್ನಿನ ಕಥೆ ಬೇರೆ. ಒಳಗೆ ಬಂದ ಬೆಳಕು ಆ ಕೆಳಭಾಗಕ್ಕೆ ಎರಡು ಸಲ ಬಡಿದು ಮೇಲೆ ಬರಬೇಕು, ಆದ್ದರಿಂದ ಅಲ್ಲಿನ ಸಣ್ಣ ವ್ಯತ್ಯಾಸವೂ ಬೆಳಕಿನ ದಾರಿಯನ್ನು ಜಾಸ್ತಿ ತಿರುಗಿಸುತ್ತದೆ. ಪೆವಿಲಿಯನ್ 0.2° ಹೆಚ್ಚಾದರೆ ಕ್ರೌನ್ ಸುಮಾರು 1° ಕಡಿಮೆ ಆಗಬೇಕು ಎಂಬುದು ಬಳಕೆಯಲ್ಲಿರುವ ಲೆಕ್ಕ. ಒಂದು ಕಡಿದಾದರೆ ಇನ್ನೊಂದು ತಗ್ಗಬೇಕು. ಎರಡೂ ಒಟ್ಟಿಗೆ ಕಡಿದಾದರೆ ನನಗೆ ಸಿಕ್ಕ ಮಂಕು ಬಳೆ ಸಿಗುತ್ತದೆ. ಹೀಗಿದ್ದೂ ಎಕ್ಸಲೆಂಟ್ ಹೇಗೆ ಬಂತು ಎಂದರೆ, ಆ ದರ್ಜೆಯ ಹರವು ದೊಡ್ಡದು. ಪೆವಿಲಿಯನ್ 40.6°ರಿಂದ 41.8°, ಕ್ರೌನ್ 31.5°ರಿಂದ 36.5°. ಈ ಹರವಿನ ಎಲ್ಲ ಜೋಡಿಗೂ ಎಕ್ಸಲೆಂಟ್ ಸಿಗುವುದಿಲ್ಲ, ನಿಜ. ಆದರೆ ಸಿಗುವ ಜೋಡಿಗಳೆಲ್ಲ ಒಂದೇ ಥರ ಕಾಣುವುದೂ ಇಲ್ಲ.

ಸ್ಕ್ಯಾನ್ ಹಿಡಿದು ಹೋದರೆ ಅಂಗಡಿಯವರು ಮಾತೇ ಬದಲಿಸಿದರು. "ರಿಪೋರ್ಟಿನಲ್ಲಿ ಎಕ್ಸಲೆಂಟ್ ಇದೆ ಅಲ್ವಾ, ಇನ್ನೇನು ಬೇಕು ನಿಮಗೆ? ಹಾಗೆಲ್ಲ ಭೂತಗನ್ನಡಿ ಹಿಡಿದು ಯಾರು ನೋಡುತ್ತಾರೆ?" ಭೂತಗನ್ನಡಿ ಯಾಕೆ, ನನಗೆ ಬರಿಗಣ್ಣಿಗೇ ಕಂಡಿತ್ತು. ಹರಳನ್ನು ಉಂಗುರಕ್ಕೆ ಕೂರಿಸಿಯಾಗಿದೆ, ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದರು. ಕೊನೆಗೆ ಒಳ್ಳೆಯ ಮೊತ್ತ ಕಳೆದುಕೊಂಡು ಅದನ್ನು ಬೇರೆ ಹರಳಿಗೆ ಬದಲಾಯಿಸಿಕೊಳ್ಳಬೇಕಾಯಿತು.

ಆದ್ದರಿಂದ ಕೂರಿಸುವ ಮುಂಚೆಯೇ ಸ್ಕ್ಯಾನ್ ಫೈಲ್ ಕೇಳಿ. ಸರಾಸರಿ ಮಾತ್ರ ಸಾಲದು, ಪ್ರತಿ ಮುಖದ ಕನಿಷ್ಠ, ಗರಿಷ್ಠ ಕೋನವೂ ಅದರಲ್ಲಿರಬೇಕು. ಜೊತೆಗೆ ಐಡಿಯಲ್‌ಸ್ಕೋಪ್ ಅಥವಾ ಅಸೆಟ್ ಚಿತ್ರ (ಬೆಳಕು ಯಾವ ಕಡೆಯಿಂದ ಬರುತ್ತದೆ ಎಂದು ಬಣ್ಣಗಳಲ್ಲಿ ತೋರಿಸುವಂಥದ್ದು). ವಾಪಸ್ ಮಾಡುವ ಷರತ್ತು ಬಾಯಿಮಾತಿನಲ್ಲಿ ಬೇಡ, ಬರೆದುಕೊಡಲಿ. ಸ್ಪಾಟ್‌ಲೈಟ್‌ನಿಂದ ಆಚೆ ತಂದು ಕಿಟಕಿಯ ಹತ್ತಿರ, ಮೇಜಿನ ಕೆಳಗೆ, ಎಲ್ಲೆಲ್ಲಿ ಸಾಧ್ಯವೋ ಅಲ್ಲೆಲ್ಲ ನೋಡಿ.

ಸ್ಕ್ಯಾನ್ ಸಿಗದಿದ್ದರೆ ರೌಂಡ್ ಮಾಡಿದರೂ ಕೆಡದ ಅಂಕಿಗಳನ್ನೇ ಆರಿಸಿ. ಉದಾಹರಣೆಗೆ ಕ್ರೌನ್ 34.5°, ಪೆವಿಲಿಯನ್ 40.8° ಎಂದಿದ್ದರೆ, ಎರಡೂ ಮೇಲಿನ ತುದಿಯಲ್ಲಿದ್ದರೂ 34.75° ಮತ್ತು 40.9° ಆಗುತ್ತದೆ ಅಷ್ಟೆ. ಮುಖಗಳು ಒಂದಕ್ಕೊಂದು ಹೊಂದಿಕೊಂಡಿದ್ದರೆ ಅದು ಚೆನ್ನಾಗಿಯೇ ಕಾಣುವ ಜೋಡಿ. 35.5° ಮತ್ತು 41.2° ಥರದ್ದು ಕಂಡರೆ, ಸ್ಕ್ಯಾನ್ ಇಲ್ಲದೆ ಮುಂಗಡ ಕೊಡಲೇಬೇಡಿ.